ಭಾನುವಾರ, ಒಂದು ಗಂಟೆಯ ತನಕ

ಭಾನುವಾರ, ಜನವರಿ 28, 2024

ಇದೊಂದನ್ನು ಬರೆಯದೆ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಮೂರು ದಿನ ಬಿಟ್ಟೂ ಇದ್ದೆ. ಚರ್ಚಿನವರು ನಮಗೆ ಇಲ್ಲ ಎನ್ನಲಿಲ್ಲ. ಪರವಾಗಿಲ್ಲ ಎಂದವಳು ನಾನು.

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಸುವಾನಿ ಊರಿನಲ್ಲಿ ನನ್ನ ಗಂಡ ಗುರುವಿನ ಅಂಗಡಿ ಇರುವ ಪ್ಲಾಜಾ, ಅಂದರೆ ಅಂಗಡಿಗಳ ಸಾಲು, ಪಕ್ಕದ ಚರ್ಚಿಗೆ ಸೇರಿದ್ದು. ಕಾರು ನಿಲ್ಲಿಸುವ ಜಾಗ ಇಬ್ಬರಿಗೂ ಒಂದೇ. ಹಾಗಾಗಿ ಬಾಡಿಗೆಯ ಕರಾರಿನಲ್ಲೇ ಇದೆ: ಭಾನುವಾರ ಮಧ್ಯಾಹ್ನ ಒಂದು ಗಂಟೆಯ ತನಕ ಯಾವ ಅಂಗಡಿಯೂ ಬಾಗಿಲು ತೆರೆಯುವಂತಿಲ್ಲ. ಮೂರು ವರ್ಷದ ಹಿಂದೆ, ಕೆಲಸ ಹೋದ ಮೇಲೆ ಗುರು ಈ ದಿನಸಿ ಅಂಗಡಿಯನ್ನು ಕೊಂಡಾಗ ಅದೊಂದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಕಳೆದ ಆಗಸ್ಟಿನಲ್ಲಿ ನಾಲ್ಕು ಮೈಲಿ ಆಚೆ ದೊಡ್ಡ ಇಂಡಿಯನ್ ಸೂಪರ್‌ಮಾರ್ಕೆಟ್ ಬಂತು. ಅವರು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ತೆರೆಯುತ್ತಾರೆ. ನಮ್ಮ ಜನ ವಾರದ ಸಾಮಾನು ಕೊಳ್ಳುವುದೇ ಭಾನುವಾರ ಬೆಳಿಗ್ಗೆ. ಜೂನ್ ತಿಂಗಳಿಗೆ ಕರಾರು ಮುಗಿಯುತ್ತದೆ. ಅಷ್ಟರೊಳಗೆ ಭಾನುವಾರದ ಬೆಳಗು ಸಿಗದಿದ್ದರೆ ಅಂಗಡಿ ಬಿಡುವುದೇ ಸರಿ ಎಂದು ಗುರು ಹೇಳಿದ್ದಾನೆ.

ಅವನು ಪತ್ರ ಬರೆದು ಕೇಳಿಕೊಂಡ ಮೇಲೆ ಚರ್ಚಿನ ಕಮಿಟಿ ಗುರುವಾರ ಸಂಜೆ ಸಭೆ ಕರೆದಿತ್ತು. ಗುರುವಾರ ತರಕಾರಿ ಲಾರಿ ಬರುವ ದಿನ, ಗುರು ಅಂಗಡಿ ಬಿಡುವ ಹಾಗಿರಲಿಲ್ಲ. ನಾನು ಹೋದೆ. ಪ್ಲಾಜಾದ ಉಳಿದವರಲ್ಲಿ ಕ್ಷೌರದಂಗಡಿಯವನೂ ಟ್ಯಾಕ್ಸ್ ಆಫೀಸಿನವನೂ ಬಂದಿದ್ದರು. ಅವರು ಭಾನುವಾರ ಹೇಗೂ ತೆರೆಯುವುದಿಲ್ಲ. ಸುಮ್ಮನೆ ಕೂತಿದ್ದರು. ಅಧ್ಯಕ್ಷೆ ಮಿಸೆಸ್ ಟ್ಯಾಲಿ ಎಪ್ಪತ್ತು ದಾಟಿದವರು. ತಾವೇ ಮಾಡಿದ ನಿಂಬೆ ಕೇಕನ್ನು ಎಲ್ಲರ ತಟ್ಟೆಗೂ ಹಾಕಿ, ನನ್ನ ಕಡೆ ತಿರುಗಿ, ಸಮಯವನ್ನು ಈಗಿನಂತೆ ಒಂದು ಗಂಟೆಗೇ ಬಿಟ್ಟರೆ ನಿಮಗೆ ತುಂಬ ಕಷ್ಟವೇ ಎಂದು ಕೇಳಿದರು.

"ನೋ ನೋ, ಇಟ್ಸ್ ಫೈನ್," ಎಂದೆ.

"ಖಂಡಿತ ತಾನೆ?" ಎಂದರು.

"ಇಟ್ಸ್ ಫೈನ್. ವಿ ವಿಲ್ ಅಡ್ಜಸ್ಟ್."

ಇಂಗ್ಲಿಷ್ ಬಾರದೆ ಆದ ತಪ್ಪಲ್ಲ ಇದು. ಒಂದನೇ ಕ್ಲಾಸಿನಿಂದ ಅದರಲ್ಲೇ ಓದಿದವಳು ನಾನು. ಯಾರದಾದರೂ ಮನೆಗೆ ಹೋದಾಗ ಕಾಫಿ ಕೊಡಲಾ ಎಂದರೆ ಬೇಡಿ, ಈಗ ತಾನೇ ಆಯಿತು ಎನ್ನುತ್ತೇವೆ. ಇನ್ನೊಮ್ಮೆ ಕೇಳಿದರೆ, ಸುಮ್ಮನೆ ನಿಮಗ್ಯಾಕೆ ತೊಂದರೆ ಎನ್ನುತ್ತೇವೆ. ಮೂರನೆಯ ಸಲ ಕೇಳಿದಾಗ, ಸರಿ, ಅರ್ಧ ಲೋಟ ಸಾಕು ಎನ್ನುತ್ತೇವೆ. ನಾನು ಆ ಮೂರನೆಯ ಸಲಕ್ಕೆ ಕಾಯುತ್ತ ಕೇಕ್ ತಿನ್ನುತ್ತಿದ್ದೆ. ಮಿಸೆಸ್ ಟ್ಯಾಲಿ "ಥ್ಯಾಂಕ್ ಯೂ, ಹನಿ" ಎಂದು ಏನೋ ಬರೆದುಕೊಂಡು ಮುಂದಿನ ವಿಷಯಕ್ಕೆ ಹೋದರು. ಅದು ಕಸದ ಡಬ್ಬಿಗಳ ವಿಷಯ.

ಮನೆಗೆ ಬಂದಾಗ ಗುರು ಕೇಳಿದ, "ಏನಂದ್ರು?"

"ಒಪ್ಲಿಲ್ಲ," ಎಂದೆ.

ಇಷ್ಟೇ. ಬರೆದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಬುಧವಾರ, ಜನವರಿ 31

ಇವತ್ತು ಶ್ರೀಲತಾ ಬಂದಿದ್ದರು. ಕಮ್ಮಿಂಗ್‌ನಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆಯವರು. ಎರಡು ಕಟ್ಟು ಕರಿಬೇವು, ಒಂದು ಪ್ಯಾಕೆಟ್ ಚಿರೋಟಿ ರವೆ ತೆಗೆದುಕೊಂಡರು. ಮೊದಲೆಲ್ಲ ಗಾಡಿ ತುಂಬ ಒಯ್ಯುತ್ತಿದ್ದವರು.

"ಏನ್ರೀ ಹರಿಣಿ, ಸಂಡೇ ಒಂದು ಗಂಟೆಗೆ ಓಪನ್ ಮಾಡಿದ್ರೆ ನಾವು ಅಡಿಗೆ ಯಾವಾಗ ಮಾಡೋದು, ಊಟ ಯಾವಾಗ ಮಾಡೋದು? ನೀವೇನು ಚರ್ಚ್ ಸೇರ್ಕೊಂಡ್ರಾ?"

"ನಮ್ ಕೈಲಿಲ್ಲ ಶ್ರೀಲತಾ. ಪ್ಲಾಜಾ ರೂಲು."

"ರೂಲ್ ಚೇಂಜ್ ಮಾಡ್ಸಿ. ಕೇಳಿದ್ರಾ?"

"ಗುರು ಕೇಳಿದ," ಎಂದೆ. ಸುಳ್ಳೇನಲ್ಲ.

ಅವರ ಕಾರಿನ ಹಿಂದಿನ ಸೀಟಿನಲ್ಲಿ ಆ ದೊಡ್ಡ ಅಂಗಡಿಯ ಹಸಿರು ಚೀಲಗಳು ಕಂಡವು. ನಾನು ನೋಡಿದ್ದನ್ನು ಅವರೂ ನೋಡಿದರು. ಇಬ್ಬರೂ ಕರಿಬೇವಿನ ಬಗ್ಗೆ ಮಾತಾಡಿದೆವು.

ಭಾನುವಾರ, ಫೆಬ್ರವರಿ 4

ನಾನು ಯಾಕೆ ಹಾಗೆಂದೆ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಕಾಫಿಯ ಅಭ್ಯಾಸ ಅನ್ನುವುದು ಅರ್ಧ ಮಾತ್ರ ನಿಜ.

ವಾರದ ಆರೂವರೆ ದಿನ ಗುರುವೂ ನಾನೂ ಆಡುವ ಮಾತು ಇಷ್ಟು: ಕೊತ್ತಂಬರಿ ಬಂತಾ, ಇಡ್ಲಿ ರವೆ ಎಷ್ಟು ಉಳಿದಿದೆ, ಫ್ರೀಜರ್ ಯಾಕೆ ಸದ್ದು ಮಾಡ್ತಿದೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಬಿಟ್ಟು ಎರಡು ವರ್ಷದಿಂದ ಗುರುವಿನ ಅಂಗಡಿಯಲ್ಲಿ ಸಹಾಯಕ್ಕಿದ್ದೇನೆ. ಭಾನುವಾರ ಬೆಳಿಗ್ಗೆ ಮಾತ್ರ ಗುರು ಅಕ್ಕಿ ರೊಟ್ಟಿ ತಟ್ಟುತ್ತಾನೆ. ದಪ್ಪ ತಟ್ಟುತ್ತಾನೆ, ಅಂಚು ಒಡೆಯುತ್ತದೆ. ಮಗಳು ಇಂಚರ ಹತ್ತಕ್ಕೆ ಎದ್ದು ಬಂದು ಹೊತ್ತಿದ ರೊಟ್ಟಿಯನ್ನು ನನ್ನ ತಟ್ಟೆಗೆ ದಾಟಿಸುತ್ತಾಳೆ. ಅವಳಿಗೆ ಹದಿನಾರು. ನಾವು ಮೂವರೂ ಒಂದೇ ಮೇಜಿಗೆ ಕೂರುವುದು ವಾರದಲ್ಲಿ ಆ ಒಂದು ಸಲ. ಚರ್ಚಿನವರ ಪ್ರಾರ್ಥನೆಯ ಪುಣ್ಯದಿಂದ ನನಗೆ ಸಿಕ್ಕ ಹೊತ್ತು ಅದು. ಅದನ್ನು ಬಿಟ್ಟುಕೊಡಿ ಎಂದು ಕೇಳುವುದಕ್ಕೆ ನಾನೇ ಹೋಗಿ ಕೂತಿದ್ದೆ.

ಹಾಗೆಂದು ಬರೆದೆ. ಆದರೆ ಇವತ್ತಿನ ಸಂಗತಿ ಬೇರೆ. ಗುರು ಎಂಟೂವರೆಗೇ ಹೊರಟ.

"ಎಲ್ಲಿಗೆ?"

"ಅಲ್ಲಿ ಎಷ್ಟು ಕಾರು ಬರತ್ತೆ ನೋಡ್ಕೊಂಡ್ ಬರ್ತೀನಿ."

"ಎಲ್ಲಿ?"

"ಎಲ್ಲಿ ಅಂತ ನಿಂಗೊತ್ತಿಲ್ವಾ?"

ಆ ಸೂಪರ್‌ಮಾರ್ಕೆಟ್ಟಿನ ಎದುರು ಕಾರು ನಿಲ್ಲಿಸಿಕೊಂಡು ಒಂಬತ್ತರಿಂದ ಹನ್ನೆರಡರ ತನಕ ಎಣಿಸಿದನಂತೆ. ಫೋನಿನಲ್ಲಿ ಹದಿನೈದು ನಿಮಿಷಕ್ಕೊಂದು ಸಾಲು ಬರೆದುಕೊಂಡಿದ್ದ. ಸಾಫ್ಟ್‌ವೇರ್ ಕೆಲಸ ಹೋದ ಮೇಲೂ ಲೆಕ್ಕ ಇಡುವ ಅಭ್ಯಾಸ ಹೋಗಿಲ್ಲ. ಇಂಚರ ಬಂದು ಮೇಜು ನೋಡಿ, "ವೇರ್ಸ್ ಅಪ್ಪ?" ಎಂದಳು. ಹೇಳಿದೆ.

"ವೇಟ್, ಹಿ ಇಸ್ ಸ್ಪೈಯಿಂಗ್?"

"ಸ್ಪೈಯಿಂಗ್ ಅಲ್ಲಮ್ಮ. ನೋಡ್ತಿದ್ದಾರೆ."

"ದಟ್ಸ್ ಲಿಟರಲಿ ಸ್ಪೈಯಿಂಗ್," ಎಂದು ಸೀರಿಯಲ್ ಬಟ್ಟಲು ತೆಗೆದುಕೊಂಡು ಮೇಲೆ ಹೋದಳು.

ಮಂಗಳವಾರ, ಫೆಬ್ರವರಿ 6

ಕಳೆದ ಗುರುವಾರ ಲಾರಿಯಲ್ಲಿ ಬಂದ ನುಗ್ಗೆಕಾಯಿ ಬಲಿತಿತ್ತು. ಗುರು ಬಲಿತದ್ದನ್ನು ಆರಿಸಿ ಕಸಕ್ಕೆ ಹಾಕಿದ. ನಾನೂ.

ಶುಕ್ರವಾರ, ಫೆಬ್ರವರಿ 9

ಚರ್ಚಿನಿಂದ ಅಂಗಡಿಗೆ ಟಪಾಲು ಬಂತು. ಗುರು ಹಿಂದೆ ಪೆಟ್ಟಿಗೆ ಒಡೆಯುತ್ತಿದ್ದ. ನಾನೇ ತೆರೆದೆ. ಸಭೆಯ ವರದಿ. ಅದರಲ್ಲೊಂದು ಸಾಲು: ದಿನಸಿ ಅಂಗಡಿಯ ಪ್ರತಿನಿಧಿ ಈಗಿರುವ ಸಮಯ ತಮಗೆ ತೃಪ್ತಿಕರ ಎಂದು ತಿಳಿಸಿದರು. ಅದಕ್ಕೆ ಸೇರಿಸಿ ಇನ್ನೊಂದು ಹಾಳೆ. ಯಾರಿಗಾದರೂ ಅಭಿಪ್ರಾಯ ಬದಲಿಸಬೇಕಿದ್ದರೆ ಕರಾರಿಗೆ ಸಹಿ ಹಾಕಿದ ಎಲ್ಲರ ಸಹಿಯೊಂದಿಗೆ ಪತ್ರ ಬರೆಯಬಹುದು, ಅದರ ಮೇಲೆ ಮಾರ್ಚ್ 8ರೊಳಗಿನ ಅಂಚೆ ಮುದ್ರೆ ಇರಬೇಕು.

ನಮ್ಮ ಕರಾರಿನಲ್ಲಿ ಇಬ್ಬರ ಸಹಿ ಇದೆ. ಗುರುದತ್, ಹರಿಣಿ. ಅಂದರೆ ಗುರುವಿಗೆ ಹೇಳದೆ ನಾನು ಇದನ್ನು ಸರಿಮಾಡಲಾರೆ.

ಹಾಳೆಗಳನ್ನು ಮಡಿಸಿ ಕೈಚೀಲದಲ್ಲಿ ಇಟ್ಟುಕೊಂಡೆ. ಬಚ್ಚಿಟ್ಟೆ ಎಂದು ಬರೆಯಲು ಹೊರಟಿದ್ದೆ. ಬಚ್ಚಿಡಲಿಲ್ಲ, ಇಟ್ಟುಕೊಂಡೆ, ಅಷ್ಟೇ.

ಭಾನುವಾರ, ಫೆಬ್ರವರಿ 11

ಗುರು ಇವತ್ತೂ ಕಾರು ಎಣಿಸಲು ಹೋಗಿದ್ದಾನೆ. ಮನೆಯಲ್ಲಿ ಸದ್ದಿಲ್ಲ. ಯೋಚಿಸಲು ಹೊತ್ತು ಸಿಕ್ಕಿತು.

ನನಗೊಂದು ಸಮಾಧಾನ ಹೊಳೆಯಿತು. ಇದು ನನ್ನೊಬ್ಬಳ ಪ್ರಶ್ನೆಯಲ್ಲ. ನಮ್ಮಲ್ಲಿ ಬೀಬಿಜಾನ್ ಇದ್ದಾರೆ. ಮೊದಲ ದಿನದಿಂದ ಕೌಂಟರಿನಲ್ಲಿ ನಿಲ್ಲುವವರು, ಐವತ್ತೆಂಟು ವಯಸ್ಸು, ಮೊಣಕಾಲು ನೋವು. ಮೈಸೂರಿನ ಮಂಡಿ ಮೊಹಲ್ಲಾದವರು. ಇಲ್ಲಿ ಮಗ ರಿಜ್ವಾನ್, ಸೊಸೆ ವಜೀಹಾ ಜೊತೆ ಇದ್ದಾರೆ. ಭಾನುವಾರವೂ ಬೆಳಿಗ್ಗೆ ಒಂಬತ್ತಕ್ಕೆ ಬಾ ಎಂದರೆ ಅವರ ಗತಿ ಏನು? ಅಂಗಡಿಗಳು ಹೆಚ್ಚು ಹೊತ್ತು ತೆರೆದಿರಬೇಕು ಎನ್ನುವವರು ಯಾರೂ ಅಲ್ಲಿ ನಿಲ್ಲುವವರ ಕಾಲು ನೋಡುವುದಿಲ್ಲ. ಕೊಳ್ಳುವವರ ಅನುಕೂಲ, ಮಾಲೀಕರ ಅನುಕೂಲ, ಇಷ್ಟೇ ಮಾತು. ವಾರದಲ್ಲೊಂದು ಹೊತ್ತು ಎಲ್ಲರಿಗೂ ಒಟ್ಟಿಗೆ ಬಿಡುವು ಇರುವುದು ಒಳ್ಳೆಯ ಪದ್ಧತಿಯೇ. ಅದು ಯಾರ ದೇವರ ಹೆಸರಲ್ಲಿ ಬಂದಿದ್ದರೇನು?

ಗುರುವಿಗೆ ಹೇಳುವಾಗ ಇದನ್ನೇ ಹೇಳಬೇಕು. ನಾನು ಪರವಾಗಿಲ್ಲ ಎಂದದ್ದು ಬೀಬಿಜಾನ್ ಅವರಿಗಾಗಿ ಎಂದು. ಬರೆಯುತ್ತ ಬರೆಯುತ್ತ ನನಗೇ ಅದು ನಿಜ ಅನ್ನಿಸತೊಡಗಿದೆ.

ಗುರುವಾರ, ಫೆಬ್ರವರಿ 15

ಮಧ್ಯಾಹ್ನ ಗಿರಾಕಿ ಇರಲಿಲ್ಲ. ಬೀಬಿಜಾನ್ ಆಂಟಿಯೂ ನಾನೂ ಕೂತು ಮೆಂತ್ಯ ಸೊಪ್ಪಿನ ಕಟ್ಟು ಬಿಚ್ಚಿ ಹಳದಿ ಎಲೆ ತೆಗೆಯುತ್ತಿದ್ದೆವು. ಮಾತು ಹೇಗೆ ತೆಗೆಯುವುದೆಂದು ತಿಳಿಯದೆ, ಭಾನುವಾರ ಬೆಳಿಗ್ಗೆ ಏನು ಮಾಡ್ತೀರಿ ಆಂಟಿ ಎಂದು ಕೇಳಿದೆ.

"ಏನ್ ಮಾಡ್ಲಿ ಹರಿಣಮ್ಮ? ಕೂತಿರ್ತೀನಿ."

"ರೆಸ್ಟ್ ಸಿಗತ್ತಲ್ಲ."

"ಏನ್ ರೆಸ್ಟು? ಮಗ ಸೊಸೆ ಹನ್ನೊಂದು ಗಂಟೆ ತಂಕ ಮಲಗ್ತಾರೆ, ಪಾಪ, ವಾರವೆಲ್ಲ ದುಡ್ದಿರ್ತಾರೆ. ನಾನು ಐದಕ್ಕೆ ಎದ್ದಿರ್ತೀನಿ. ಪಾತ್ರೆ ಸದ್ದು ಮಾಡಂಗಿಲ್ಲ, ಮಿಕ್ಸಿ ಹಾಕಂಗಿಲ್ಲ, ಟೀವಿ ಹಾಕಂಗಿಲ್ಲ. ಕಳ್ಳಿ ಥರಾ ಓಡಾಡ್ತೀನಿ ನಮ್ಮನೇಲೇ."

ನಕ್ಕೆ. ಅವರೂ ನಕ್ಕರು. ಧೈರ್ಯ ಮಾಡಿ ಹೇಳಿದೆ. ಭಾನುವಾರ ಬೇಗ ತೆರೆಯುವ ಮಾತಿದೆ, ನಿಮಗೆ ತೊಂದರೆಯಾಗುತ್ತದೆ ಎಂದು ನಾನು ಬೇಡ ಅನ್ನುತ್ತಿದ್ದೇನೆ ಎಂದು.

ಆಂಟಿ ಸೊಪ್ಪು ಕೆಳಗಿಟ್ಟರು.

"ನನ್ ಹೆಸರಾ? ನನ್ ಹೆಸರು ಯಾಕ್ ಹಾಕಿದ್ರಿ ಅದ್ರಲ್ಲಿ?"

"ಹಾಗಲ್ಲ ಆಂಟಿ, ನಿಮ್ಮ ಕಾಲು ನೋವು..."

"ಕಾಲು ನೋವು ಭಾನುವಾರ ಮಾತ್ರ ಬರಲ್ಲ ಹರಿಣಮ್ಮ. ಎಲ್ಲಾ ದಿನ ಬರತ್ತೆ. ಮೂರು ವರ್ಷ ಆಯ್ತು. ನಿಂಗೆ ಯಾವ ದಿನ ರಜಾ ಬೇಕು ಅಂತ ಕೇಳಿದ್ರಾ? ನೀವೂ ಕೇಳಿಲ್ಲ, ಸಾರೂ ಕೇಳಿಲ್ಲ. ಭಾನುವಾರ ಮುಚ್ಚತ್ತೆ, ಎಲ್ಲರ್ಗೂ ಖುಷಿ ಅಂದ್ಕೊಂಡ್ರಿ. ಭಾನುವಾರ ಇಟ್ಕೊಂಡು ನಾನೇನ್ ಮಾಡ್ಲಿ? ನಂಗೆ ಶುಕ್ರವಾರ ಬೇಕಿತ್ತು."

ನನಗೆ ತಕ್ಷಣ ಅರ್ಥವಾಗಲಿಲ್ಲ. ಶುಕ್ರವಾರದ ನಮಾಜಿಗೆ ಹೋಗುವುದು ಗಂಡಸರು ಎಂದುಕೊಂಡಿದ್ದೆ. ಅದನ್ನೇ ಹೇಳಿದೆ.

"ಅಲ್ಲಿ ಹೌದು. ಮೈಸೂರಲ್ಲಿ ನಾವು ಹೆಂಗಸರು ಮನೇಲೇ ಓದ್ಕೋತಿದ್ವಿ. ನಮ್ಮ ಬೀದಿ ಮಸೀದಿ ಒಳಗೆ ಹೆಂಗಿದೆ ಅಂತ ನಾನು ನೋಡೇ ಇಲ್ಲ. ಇಲ್ಲಿಗೆ ಬಂದ್ಮೇಲೆ ವಜೀಹಾ ಕರ್ಕೊಂಡೋದ್ಲು, ಒಂದೇ ಸಲ. ಹೆಂಗಸರಿಗೆ ಬೇರೆ ಜಾಗ, ಕಾರ್ಪೆಟ್ಟು, ಮೊಣಕಾಲು ನೋವಿದ್ರೆ ಕುರ್ಚಿ. ಎಲ್ಲಾ ಮಕ್ಕಳು ಮರಿ, ಮಾತು, ನಗು. ನಾನೂ ಹೋಗಬೋದು ಅಂತ ಐವತ್ತೈದು ವರ್ಷಕ್ಕೆ ಗೊತ್ತಾಯ್ತು. ಮುಂದಿನ್ ವಾರ ನಿಮ್ಮ ಅಂಗಡಿಗೆ ಸೇರ್ಕೊಂಡೆ."

ಆಮೇಲೆ ತಾವೇ ಮಾತು ತಿಳಿಯಾಗಿಸಿದರು. "ಹೋಗ್ಲಿ ಬಿಡಿ. ಈ ಸೊಪ್ಪು ಇಷ್ಟು ಹಳದಿ ಇದ್ರೆ ಆ ಲಾರಿಯವನಿಗೆ ವಾಪಸ್ ಕೊಡ್ಬೇಕಿತ್ತು. ಅವನ್ ಹತ್ರಾನೂ ಪರವಾಗಿಲ್ಲ ಅಂದ್ರಾ?"

ಅವರಿಗೆ ಸಭೆಯ ವಿಷಯ ಏನೂ ಗೊತ್ತಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು.

ಶುಕ್ರವಾರ, ಫೆಬ್ರವರಿ 16

ಒಂದೂ ಇಪ್ಪತ್ತಕ್ಕೆ ಬೀಬಿಜಾನ್ ಆಂಟಿ ತೊಗರಿಬೇಳೆ ತೂಗುತ್ತಿದ್ದರು. ಒಂದೂವರೆಗೆ ಗಡಿಯಾರ ನೋಡಿದರು. ಮತ್ತೆ ತೂಗಿದರು. ಮೂರು ವರ್ಷದಲ್ಲಿ ನೂರೈವತ್ತು ಶುಕ್ರವಾರಗಳಾಗಿರಬೇಕು. ಅಷ್ಟೂ ದಿನ ನಾನೋ ಗುರುವೋ ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆವು.

ಭಾನುವಾರ, ಫೆಬ್ರವರಿ 25

ಒಂಬತ್ತು ದಿನ ಏನೂ ಬರೆದಿಲ್ಲ. ಬರೆಯುವುದಿದ್ದದ್ದು ಒಂದೇ, ಅದನ್ನು ಗುರುವಿಗೆ ಹೇಳಬೇಕಿತ್ತು.

ಇವತ್ತು ಗುರು ಕಾರು ಎಣಿಸಲು ಹೋಗಲಿಲ್ಲ. ನನಗೆ ಸಂತೋಷವಾಯಿತು. ಅಕ್ಕಿ ಹಿಟ್ಟಿನ ಡಬ್ಬ ಹೊರಗಿಟ್ಟೆ. ಅವನು ಲ್ಯಾಪ್‌ಟಾಪ್ ತೆರೆದುಕೊಂಡು ಕೂತ.

"ಡರ್ಹಮ್‌ನಲ್ಲಿ ಒಂದು ಕಾಂಟ್ರ್ಯಾಕ್ಟ್ ಇದೆ," ಎಂದ. "ಹಾಸ್ಪಿಟಲ್ ಸಾಫ್ಟ್‌ವೇರು. ನನ್ ಹಳೇ ಆಫೀಸಿನ ಪ್ರತಾಪ್ ರೆಫರ್ ಮಾಡ್ತೀನಿ ಅಂದ."

"ಡರ್ಹಮ್ ಆರು ಗಂಟೆ ಡ್ರೈವ್ ಗುರು."

"ಸಂಡೇ ನೈಟ್ ಹೋಗಿ ಫ್ರೈಡೇ ಬರ್ತೀನಿ. ಇಂಚರಂಗೆ ಇನ್ನೆರಡು ವರ್ಷ ಸ್ಕೂಲಿದೆ, ನೀವಿಬ್ರೂ ಇಲ್ಲೇ ಇರಿ."

"ಅಂಗಡಿ?"

"ಚರ್ಚ್‌ನೋರು ಒಪ್ಲಿಲ್ಲ ಅಂದ್ಮೇಲೆ ಇನ್ನೇನೇ? ನಾನು ಲೆಕ್ಕ ಹಾಕಿ ನೋಡ್ದೆ. ನಮ್ ಗಿರಾಕಿಗಳೇ ಅಲ್ಲಿ ಹೋಗ್ತಿರೋದು. ಶ್ರೀಲತಾ ಕಾರು ಮೂರು ವಾರಾನೂ ನೋಡ್ದೆ. ಪಾಪ, ನನ್ನ ನೋಡಿ ಆಕಡೆಯಿಂದ ಸುತ್ಕೊಂಡ್ ಹೋದ್ರು."

ಅವನು ನಗುತ್ತಲೇ ಹೇಳಿದ. ಗುರುವಿಗೆ ಸಿಟ್ಟು ಬಂದಾಗ ನನಗೆ ಭಯವಿಲ್ಲ. ಹೀಗೆ ನಕ್ಕಾಗ ಭಯ.

ಆ ಕ್ಷಣ ಹೇಳಬಹುದಿತ್ತು. ಬಾಯಿ ತೆರೆದೆ. "ರೊಟ್ಟಿಗೆ ಸಬ್ಬಸಿಗೆ ಹಾಕ್ಲಾ?" ಎಂದೆ.

ಒಂದು ಭಾನುವಾರದ ಬೆಳಗನ್ನು ಉಳಿಸಿಕೊಳ್ಳಲು ಹೋಗಿ ಐದು ಹಗಲು ಐದು ರಾತ್ರಿ ಕಳೆದುಕೊಳ್ಳುವ ಹಾಗಾಯಿತು. ಅದೂ ನನ್ನದಷ್ಟೇ ಅಲ್ಲ.

ಶನಿವಾರ, ಮಾರ್ಚ್ 2

ಚರ್ಚಿಗೆ ಹೋಗಿದ್ದೆ. ಮಿಸೆಸ್ ಟ್ಯಾಲಿ ಮರುದಿನಕ್ಕೆ ಹೂ ಜೋಡಿಸುತ್ತಿದ್ದರು. ನಿಂತೇ ಹೇಳಿದೆ. ಆ ದಿನ ನಾನು ಪರವಾಗಿಲ್ಲ ಎಂದೆ, ಅದು ನಿಜವಲ್ಲ, ಭಾನುವಾರ ಬೆಳಿಗ್ಗೆ ತೆರೆಯದಿದ್ದರೆ ಅಂಗಡಿ ಉಳಿಯುವುದಿಲ್ಲ ಎಂದು. ಕಾಫಿಯ ವಿಷಯವನ್ನೂ ಹೇಳಿದೆ. ಮೂರನೆಯ ಸಲದ ವಿಷಯ.

ಅವರು ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದರು. "ಅಂದರೆ ನಾನು ಇನ್ನೊಂದು ಸಲ ಕೇಳಬೇಕಿತ್ತು?"

"ನೀವು ಕೇಳಬೇಕಿರಲಿಲ್ಲ. ನಾನು ಹೇಳಬೇಕಿತ್ತು."

"ಹನಿ, ಇಲ್ಲೂ ಎಲ್ಲರೂ ಫೈನ್ ಅನ್ನುತ್ತಾರೆ. ಪಿಯಾನೋ ಬದಲಿಸಿದಾಗ ಎಲ್ಲರೂ ಫೈನ್ ಅಂದರು. ಆಮೇಲೆ ಹನ್ನೆರಡು ಕುಟುಂಬ ಬೇರೆ ಚರ್ಚಿಗೆ ಹೋದವು." ನಕ್ಕರು. ಕಿಟಕಿಯಾಚೆ ಖಾಲಿ ಬಿದ್ದ ಪಾರ್ಕಿಂಗ್ ತೋರಿಸಿ, ಈಗ ಭಾನುವಾರವೂ ಅರ್ಧ ತುಂಬುವುದಿಲ್ಲ ಎಂದರು. ಮತ್ತೆ ಕತ್ತರಿ ಎತ್ತಿಕೊಂಡು ಹೇಳಿದರು, "ಆದರೂ ನಾನು ನಿಮ್ಮ ಪರವಾಗಿ ಮತ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ. ನನ್ನ ಗಂಡ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದ. ಭಾನುವಾರ ಮುಚ್ಚಲೇಬೇಕಿತ್ತು. ನಾನು ಅವನನ್ನು ಹಗಲು ಬೆಳಕಿನಲ್ಲಿ ನೋಡುತ್ತಿದ್ದದ್ದು ಅವತ್ತು ಮಾತ್ರ."

ಅವರು ಹೇಳಿದ್ದು ನನ್ನ ಮಾತೇ. ನನಗೆ ಇದ್ದಕ್ಕಿದ್ದಂತೆ ಅಳು ಬಂತು. ಅವರು ಕಾರಣ ಕೇಳಲಿಲ್ಲ. ಪೇಪರ್ ಟವೆಲ್ ಕೊಟ್ಟರು. ಹೂವಿನ ನೀರಿನಿಂದ ಅದು ಒದ್ದೆಯಾಗಿತ್ತು.

"ಪತ್ರ ಬರೆಯಿರಿ," ಎಂದರು. "ಇಬ್ಬರ ಸಹಿ ಮರೆಯಬೇಡಿ."

ಭಾನುವಾರ, ಮಾರ್ಚ್ 3

ಗುರು ಕೀಲಿ ಎತ್ತಿಕೊಂಡಾಗ ನಾನೂ ಬರುತ್ತೇನೆ ಎಂದೆ.

"ಎಲ್ಲಿಗೆ?"

"ಕಾರು ಎಣಿಸೋಕೆ."

ಸೂಪರ್‌ಮಾರ್ಕೆಟ್ಟಿನ ಎದುರು, ಬ್ಯಾಂಕಿನ ಪಕ್ಕದ ಜಾಗದಲ್ಲಿ ನಿಲ್ಲಿಸಿದ. ಇದು ಅವನ ಖಾಯಂ ಜಾಗ ಎಂದು ತಿಳಿಯಿತು. ಒಂಬತ್ತಕ್ಕೆ ಮೊದಲೇ ಬಾಗಿಲ ಮುಂದೆ ಜನ ನಿಂತಿದ್ದರು. ಅಜ್ಜಿಯರು, ನಿದ್ದೆ ಬಿಡದ ಗಂಡಂದಿರು, ಗಾಡಿಯೊಳಗೆ ಕೂತ ಮಕ್ಕಳು. ಬಾಗಿಲು ಸರಿದಾಗ ಯಾವುದೋ ಮದುವೆ ಮನೆಯ ಹಾಗೆ ಎಲ್ಲರೂ ಒಳಗೆ ನುಗ್ಗಿದರು. ಅವರನ್ನು ಬೈಯಲು ನನಗೆ ಕಾರಣ ಸಿಗಲಿಲ್ಲ. ವಾರವೆಲ್ಲ ದುಡಿದು ಬಂದವರಿಗೆ ಕೊತ್ತಂಬರಿ ಬೇಕು, ಇಷ್ಟೇ.

ಗುರುವಿನ ಎಣಿಕೆ ಇಪ್ಪತ್ತೇಳಕ್ಕೆ ಬಂದಿತ್ತು. ನಾನು ಹೇಳಿದೆ. ಸಭೆ, ಕೇಕು, ಎರಡು ಸಲ, ವರದಿ, ಕೈಚೀಲ. ಬೀಬಿಜಾನ್ ಆಂಟಿಯ ಹೆಸರು ಹೇಳಿ ತಪ್ಪಿಸಿಕೊಳ್ಳಬೇಕು ಎಂದುಕೊಂಡಿದ್ದನ್ನೂ, ಅವರಿಗೆ ಬೇಕಿದ್ದದ್ದು ಶುಕ್ರವಾರದ ನಮಾಜಿನ ಹೊತ್ತು ಎಂಬುದನ್ನೂ ಹೇಳಿದೆ.

ಅವನು ಎಣಿಸುವುದು ನಿಲ್ಲಿಸಿ ಫೋನು ಕೆಳಗಿಟ್ಟ. ಕಾರುಗಳು ಬರುತ್ತಲೇ ಇದ್ದವು.

"ಐದು ವಾರ," ಎಂದ. "ಐದು ವಾರದಿಂದ ನಿಂಗೆ ಗೊತ್ತಿತ್ತು. ನಾನು ಇಲ್ಲಿ ಹುಚ್ಚನ ಥರಾ ಕೂತಿದ್ದೀನಿ. ನೀನು ನೋಡ್ಕೊಂಡಿದ್ದೆ."

"ಹೌದು."

"ಒಪ್ಲಿಲ್ಲ ಅಂದೆ ನೀನು. ಅವ್ರು ಒಪ್ಲಿಲ್ಲ ಅಂದೆ."

"ಹೌದು ಗುರು."

"ನಿಂಗೆ ಸಂಡೇ ಬೇಕಿತ್ತು ಅಂದ್ರೆ ನಂಗೆ ಹೇಳೋಕೇನಾಗಿತ್ತು ಹರಿಣಿ? ನಾನೇನು ಬೇರೆಯವನಾ?"

ಅಂಗಡಿ ಅವನ ಆಸೆ, ನಾನು ಬರೀ ಸಹಾಯಕ್ಕಿರುವವಳು ಎಂದು ಎಲ್ಲೋ ಇಟ್ಟುಕೊಂಡಿದ್ದೆನೇನೋ. ಸಹಾಯಕ್ಕಿರುವವರು ನನಗೆ ಇದು ಬೇಕು ಎನ್ನುವುದಿಲ್ಲ. ಬೀಬಿಜಾನ್ ಆಂಟಿ ಮೂರು ವರ್ಷ ಅನ್ನಲಿಲ್ಲ.

ಗುರು ಕಾರು ತಿರುಗಿಸಿದ. ಮನೆಯ ತನಕ ರೇಡಿಯೋ ಹಾಕಿದ್ದ.

ಮಂಗಳವಾರ, ಮಾರ್ಚ್ 5

ಪತ್ರ ಬರೆದು ಅಡಿಗೆಮನೆಯ ಮೇಜಿನ ಮೇಲಿಟ್ಟಿದ್ದೇನೆ. ನನ್ನ ಸಹಿ ಇದೆ. ಗುರು ಅದನ್ನು ಸರಿಸಿ ಊಟ ಮಾಡಿದ.

ಬುಧವಾರ, ಮಾರ್ಚ್ 6

ಇವತ್ತೂ ಸಹಿ ಇಲ್ಲ. ಪ್ರತಾಪ್ ಫೋನ್ ಮಾಡಿದ್ದ. ಗುರು ಹೊರಗೆ ಹೋಗಿ ಮಾತಾಡಿದ.

ಇಂಚರ ಪತ್ರ ಓದಿದ್ದಾಳೆ. ಓದಬೇಡ ಎಂದು ನಾನು ಹೇಳಿರಲಿಲ್ಲ. "ಅಮ್ಮಾ, ಯು ಶುಡ್ ಹ್ಯಾವ್ ಜಸ್ಟ್ ಸೆಡ್ ನೋ," ಎಂದಳು. ನಿಜ. ಆಮೇಲೆ ಕನ್ನಡದಲ್ಲಿ, "ಅಪ್ಪ ಡರ್ಹಮ್ ಹೋಗೋದು ಬೇಡ. ನಾನು ಹೇಳ್ಲಾ?" ಎಂದಳು. ಹೇಳು ಎಂದೆ.

ಗುರುವಾರ, ಮಾರ್ಚ್ 7

ಇದನ್ನು ನಿಧಾನವಾಗಿ ಬರೆಯಬೇಕು.

ಸಂಜೆ ನಾಲ್ಕಕ್ಕೆ ಲಾರಿ ಬಂತು. ನಾಳೆ ಶಿವರಾತ್ರಿ, ಹಣ್ಣಿನ ಪೆಟ್ಟಿಗೆಗಳೇ ಇಪ್ಪತ್ತು. ಇಳಿಸಿ ಮುಗಿಸಿ ಗುರು ಕೌಂಟರಿಗೆ ಬಂದು, ಅಂಗಿಯ ಜೇಬಿನಿಂದ ಪತ್ರ ತೆಗೆದ. ನಾಲ್ಕು ಮಡಿಕೆಯಾಗಿತ್ತು. ಬೀಬಿಜಾನ್ ಆಂಟಿ ಅಲ್ಲೇ ಬಿಲ್ಲಿನ ಸುರುಳಿ ಬದಲಿಸುತ್ತಿದ್ದರು.

"ಆಂಟಿ, ಶುಕ್ರವಾರ ಎಷ್ಟೊತ್ತಿಗೆ?" ಎಂದ.

"ಏನು ಸಾರ್?"

"ನಮಾಜು. ಮಸೀದೀಲಿ."

ಆಂಟಿ ನನ್ನ ಮುಖ ನೋಡಿದರು. ನಾನು ಸುರುಳಿ ನೋಡಿದೆ.

"ಒಂದೂವರೆಗೆ," ಎಂದರು. "ಯಾಕೆ?"

"ಹನ್ನೆರಡೂವರೆಯಿಂದ ಮೂರರ ತಂಕ ಮುಚ್ಚೋಣ ಅಂತ. ಪ್ರತಿ ಶುಕ್ರವಾರ."

"ಅಯ್ಯೋ, ಮುಚ್ಚೋದ್ಯಾಕೆ? ನೀವಿಬ್ರೂ ಇರ್ತೀರಲ್ಲ. ನಾನೊಬ್ಳು ಹೋಗ್ಬರ್ತೀನಿ."

"ನೀವಿಲ್ದಿದ್ರೆ ಕೌಂಟರ್‌ನಲ್ಲಿ ನಾವಿಬ್ರೂ ಜಗಳ ಆಡ್ತೀವಿ. ಮುಚ್ಚೋದೇ ವಾಸಿ."

"ಅದು ಹೆಂಗೂ ಆಡ್ತೀರಿ," ಎಂದರು ಆಂಟಿ. ಆಮೇಲೆ, "ಈ ಸೋಮವಾರ ರಂಜಾನ್ ಶುರು. ನಂಗೆ ಈ ವಾರಾನೇ ಬೇಕು ಅಂದ್ರೆ?"

ನಾಳೆ ಶಿವರಾತ್ರಿ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ ಹಣ್ಣಿಗೆ, ಅವಲಕ್ಕಿಗೆ, ಬಿಲ್ವಕ್ಕೆ ಜನ ಬರುವ ದಿನ. ವರ್ಷದಲ್ಲಿ ಅಂಥ ದಿನ ಐದಾರೇ. ನಾನು ಪರವಾಗಿಲ್ಲ ಎನ್ನಲು ಬಾಯಿ ತೆರೆದು ಮುಚ್ಚಿಕೊಂಡೆ. ಮೊದಲು ನನ್ನನ್ನೇ ಕೇಳಿಕೊಂಡೆ. ಪರವಾಗಿದೆಯೇ? ಇದೆ. ನಷ್ಟವಾಗುತ್ತದೆ, ಗಿರಾಕಿಗಳು ಬೈಯುತ್ತಾರೆ, ಶ್ರೀಲತಾ ಏನಾದರೂ ಅನ್ನುತ್ತಾರೆ. ಅದನ್ನೇ ಹೇಳಿದೆ.

"ಕಷ್ಟ ಆಗತ್ತೆ ಆಂಟಿ. ನಾಳೆ ತುಂಬ ಕಷ್ಟ ಆಗತ್ತೆ. ಆದ್ರೂ ಮುಚ್ಚೋಣ."

ಗುರು ನನ್ನನ್ನು ಒಂದು ಥರ ನೋಡಿದ. ಭಾನುವಾರದಿಂದ ಅವನು ನನ್ನ ಮುಖ ನೋಡಿದ್ದು ಅದೇ ಮೊದಲು. ಬಾಗಿಲಿಗೆ ಅಂಟಿಸಲು ಆಗಲೇ ಒಂದು ಚೀಟಿ ಬರೆದ.

ಮನೆಗೆ ಬಂದ ಮೇಲೆ ಪತ್ರ ಬಿಡಿಸಿಕೊಂಡು ಕೂತೆವು. ಅದರಲ್ಲಿ ನಾನು ಹೀಗೆ ಬರೆದಿದ್ದೆ: ಜನವರಿಯ ಸಭೆಯಲ್ಲಿ ಈಗಿನ ಸಮಯ ಪರವಾಗಿಲ್ಲ ಎಂದವಳು ನಾನು. ಅದು ಸೌಜನ್ಯಕ್ಕೆ ಆಡಿದ ಮಾತು, ಸ್ವಲ್ಪ ಸ್ವಾರ್ಥದ ಮಾತೂ ಹೌದು. ಭಾನುವಾರ ಬೆಳಿಗ್ಗೆ ನಮ್ಮ ಅಂಗಡಿ ಒಂಬತ್ತಕ್ಕೆ ತೆರೆಯಲು ಅನುಮತಿ ಬೇಡುತ್ತೇವೆ. ಚರ್ಚಿನ ಹತ್ತಿರದ ನಾಲ್ಕು ಸಾಲು ಪಾರ್ಕಿಂಗನ್ನು ಮಧ್ಯಾಹ್ನದ ತನಕ ನಮ್ಮ ಗಿರಾಕಿಗಳು ಮುಟ್ಟದಂತೆ ನೋಡಿಕೊಳ್ಳುತ್ತೇವೆ. ಆ ಬೆಳಗಿನ ಬೆಲೆ ನಮಗೂ ಗೊತ್ತು.

ಗುರು ಕೊನೆಯ ವಾಕ್ಯದ ಕೆಳಗೆ ಬೆರಳಿಟ್ಟ. "ಇದ್ಯಾಕೆ? ಬಿಸಿನೆಸ್ ಲೆಟರ್ ಇದು."

"ಇರ್ಲಿ ಗುರು."

ತೆಗೆಯಲಿಲ್ಲ. ಸಹಿ ಹಾಕಿದ. ಪೆನ್ನಿನ ಮುಚ್ಚಳ ಹಾಕುತ್ತ, "ಸೋಮವಾರ ಬೆಳಿಗ್ಗೆ ಹನ್ನೊಂದರ ತಂಕ ಒಂದು ನೊಣಾನೂ ಬರಲ್ಲ ನಮ್ಮಲ್ಲಿ," ಎಂದ. "ಅವತ್ತು ಲೇಟಾಗಿ ತೆಗೆದ್ರೆ ಯಾರು ಕೇಳ್ತಾರೆ?"

ಸೋಮವಾರ ಇಂಚರಳಿಗೆ ಸ್ಕೂಲು. ಮೂವರು ಕೂರುವ ಮೇಜು ಇಬ್ಬರದಾಗುತ್ತದೆ. ಅವಳಿಗೆ ಇನ್ನು ನಮ್ಮ ಜೊತೆ ಇರುವುದೇ ಎರಡು ವರ್ಷ. ಇದನ್ನು ಬರೆಯುವಾಗ ಬೇಜಾರಾಗುತ್ತಿದೆ, ಬೇಜಾರಾಗುತ್ತಿದೆ ಎಂದು ಗುರುವಿಗೂ ಹೇಳಿದೆ. ಅವನು, "ನಂಗೂ ಕಣೇ," ಎಂದ. ಡರ್ಹಮ್‌ನವರಿಗೆ ಏನು ಹೇಳಿದೆ ಎಂದು ಕೇಳಿದೆ. ಏಪ್ರಿಲ್ ತನಕ ಕಾಯಿರಿ ಎಂದಿದ್ದಾನಂತೆ. ಬೇಡ ಎಂದಿಲ್ಲ. ಚರ್ಚಿನ ಕಮಿಟಿಯ ಮೂವರಲ್ಲಿ ಇಬ್ಬರು ಒಪ್ಪಬೇಕು. ಮಿಸೆಸ್ ಟ್ಯಾಲಿ ಏನು ಮಾಡುತ್ತಾರೋ ಅವರಿಗೇ ತಿಳಿದಿಲ್ಲ. ಒಪ್ಪದಿದ್ದರೆ ನಾನು ಅವರನ್ನು ದೂರಲಾರೆ.

ಲಕೋಟೆ ಅಂಟಿಸಿದ್ದೇನೆ. ಬೆಳಿಗ್ಗೆ ಅಂಗಡಿಗೆ ಬೇಗ ಹೋಗಿ ಬಾಳೆಹಣ್ಣನ್ನು ಮುಂದಕ್ಕೆ ಜೋಡಿಸಬೇಕು. ಹನ್ನೆರಡೂವರೆಗೆ ಬಾಗಿಲು ಹಾಕಿ, ಬೀಬಿಜಾನ್ ಆಂಟಿಯನ್ನು ಮಸೀದಿಗೆ ಬಿಟ್ಟು, ಅಲ್ಲಿಂದ ನೇರವಾಗಿ ಪೋಸ್ಟ್ ಆಫೀಸಿಗೆ. ಮುದ್ರೆ ಕಣ್ಣೆದುರೇ ಬೀಳಲಿ.

ಅಂಚೆಗೆ ಹಾಕುವುದು: ಶುಕ್ರವಾರ, ಮಾರ್ಚ್ 8, 2024.